ಅರ್ಧಕ್ಕೆ ತಿರುಗಿದ ಎಳೆ

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನೂಲು ಕೊಡುವ ಸಾಹುಕಾರ ನನ್ನ ಹೆಸರು ಕೇಳಲಿಲ್ಲ. ನಮ್ಮ ಅತ್ತೆ ಅವನ ಅಂಗಡಿಯ ಕಟ್ಟೆಯ ಮೇಲೆ ಕೂತು, ಹಿಂದೆ ನಿಂತಿದ್ದ ನನ್ನ ಕಡೆ ಕೈ ಮಾಡಿ, ಇವಳ ಕೈ ಚಲೋ ಇದೆ, ನೂಲು ಕೊಡಿ ಅಂದಳು. ಕೊಟ್ಟ. ಸೆರಗು ಮುಖದ ಮೇಲಿತ್ತು, ಅವನು ನನ್ನ ಮುಖವನ್ನೂ ನೋಡಲಿಲ್ಲ. ಅತ್ತೆ ಸಾಯುವವರೆಗೂ ಆ ಅಂಗಡಿಯಲ್ಲಿ ನನಗೆ ಹೆಸರಿರಲಿಲ್ಲ. ಅದಕ್ಕೆ ಬೇಜಾರೂ ಇರಲಿಲ್ಲ. ನೇಯುವವಳು ಹೌದೋ ಅಲ್ಲವೋ, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಹೌದು ಅನ್ನಲು ಅತ್ತೆ ಇದ್ದಳು.

ಈಗ ಆ ಹೌದು ಅನ್ನುವ ಕೆಲಸವನ್ನು ಫೋನು ಮಾಡುತ್ತದೆ.

ಗಜೇಂದ್ರಗಡದ ನಮ್ಮ ಬೀದಿಯಲ್ಲಿ ಮೊದಲು ಎಲ್ಲ ಮನೆಯಲ್ಲೂ ಮಗ್ಗದ ಸಪ್ಪಳ ಇತ್ತು. ಈಗ ಕೆಲವು ಮನೆಯಲ್ಲಿ ಮಗ್ಗದ ಕುಣಿ ಮುಚ್ಚಿ ಮೇಲೆ ಮಂಚ ಹಾಕಿದ್ದಾರೆ. ನಮ್ಮ ಮನೆಯಲ್ಲಿ ಎರಡು ಮಗ್ಗ. ಒಂದು ನನ್ನದು, ಇನ್ನೊಂದು ನನ್ನ ಗಂಡನದು. ಅವನು ಸತ್ತ ಮೇಲೆ ಅವನ ಮಗ್ಗದ ಮೇಲೆ ಜ್ವಾಳದ ಚೀಲ ಇಟ್ಟಿದ್ದೆ. ಮಗಳನ್ನು ಯಾವಗಲ್ ಎಂಬ ಊರಿಗೆ ಕೊಟ್ಟಿದ್ದೇನೆ, ಒಕ್ಕಲುತನದ ಮನೆ. ಅವಳು ಹೊಸ ಫೋನು ತೆಗೆದುಕೊಂಡಾಗ ಹಳೆಯದನ್ನು ನನಗೆ ಕೊಟ್ಟಳು. ಇಷ್ಟು ನನ್ನ ಸಂಸಾರ.

ಒಂದು ಸಂಜೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಮೂವತ್ತರ ಆಚೆ ಈಚೆ ಇರಬೇಕು. ಕೈಯಲ್ಲಿ ಒಂದು ಕೈಚೀಲ. ತನ್ನ ತಾಯಿ ಯಾರು ಎಂದು ಹೇಳಿದಳು. ಆ ತಾಯಿ ನನ್ನ ಜೊತೆ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು, ಸತ್ತು ಬಹಳ ಕಾಲವಾಗಿತ್ತು. ಮಗಳನ್ನು ಕೊಣ್ಣೂರಿನ ಸೇತುವೆ ದಾಟಿ ಆಚೆಯ ಒಂದು ಊರಿಗೆ, ನೇಕಾರರ ಮನೆಗೇ ಕೊಟ್ಟಿದ್ದಳು. ಇಷ್ಟು ನನಗೆ ಗೊತ್ತಿತ್ತು. ಆ ಮನೆಯವರಿಗೆ ನಾನು ಯಾರು ಎಂದು ಗೊತ್ತಿರಲಿಲ್ಲ. ಅದಕ್ಕೇ ಅವಳು ನೆಂಟರ ಮನೆ ಬಿಟ್ಟು ನನ್ನ ಮನೆಗೆ ಬಂದಿದ್ದಳು.

ನಾನು ಮಾತನಾಡಿಸಿದರೆ ಅವಳು ಬಲಗಿವಿ ಮುಂದೆ ತರುತ್ತಿದ್ದಳು. ಎಡಗಿವಿ ಕೇಳಿಸುತ್ತಿರಲಿಲ್ಲ. ಗಂಡ ಹೊಡೆದದ್ದು. ಮಕ್ಕಳಿರಲಿಲ್ಲ, ಅದಕ್ಕೂ ಹೊಡೆಯುತ್ತಿದ್ದನಂತೆ. ಇದನ್ನೆಲ್ಲ ಅವಳು ಒಂದೇ ಸಲ ಹೇಳಿದಳು, ಮತ್ತೆ ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ರೊಟ್ಟಿ ಕೊಟ್ಟೆ. ಮರುದಿನ ಜ್ವಾಳದ ಚೀಲ ಇಳಿಸಿ ಗಂಡನ ಮಗ್ಗ ಒರೆಸಿದೆ. ಬೀದಿಯವರಿಗೆ ತಂಗಿಯ ಮಗಳು ಎಂದೆ. ನನಗೆ ತಂಗಿಯೇ ಇಲ್ಲ ಎಂಬುದು ಹಳಬರಿಗೆ ಗೊತ್ತು. ಅವರೂ ಸುಮ್ಮನಿದ್ದರು.

ಅವಳು ಚೆನ್ನಾಗಿ ನೇಯುತ್ತಿದ್ದಳು. ನಮ್ಮ ಸೀರೆಗೆ ಒಡಲು ಬೇರೆ, ಸೆರಗು ಬೇರೆ. ಒಡಲಿನ ಹಾಸಿನ, ಅಂದರೆ ಉದ್ದಕ್ಕೆ ಹಾಯುವ ನೂಲಿನ, ಒಂದೊಂದು ಎಳೆಗೂ ಸೆರಗಿನ ಹಾಸಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸಬೇಕು. ಅವಳ ಜೋಡಣೆಯ ಮೇಲೆ ಬೆರಳು ಆಡಿಸಿದರೆ ತಡೆಯುತ್ತಿರಲಿಲ್ಲ. ಆದರೆ ಅವಳು ನೇಯ್ದ ಸೀರೆ ನನ್ನ ಹೆಸರಿನಲ್ಲಿ ಹೋಗುತ್ತಿತ್ತು. ಅವಳ ಹೆಸರಿನಲ್ಲಿ ನೂಲು ತರಬೇಕೆಂದರೆ, ಈಗ ನೂಲು ಕೊಡುವ ನೇಕಾರರ ಸಂಘದವರು ಗುರುತಿನ ಚೀಟಿಯ ಝೆರಾಕ್ಸ್ ಕೇಳುತ್ತಾರೆ. ಅವಳ ಚೀಟಿಯ ಮೇಲೆ ಗಂಡನ ಹೆಸರು, ಗಂಡನ ಊರು. ಆ ಝೆರಾಕ್ಸ್ ರೋಣದ ಕಚೇರಿಯ ಯಾವುದೋ ಮೇಜಿನ ಮೇಲೆ ಬೀಳುತ್ತದೆ, ಅಲ್ಲಿ ಯಾರೋ ಯಾರಿಗೋ ನೆಂಟರು. ಒಂದು ಫೋನು ಸಾಕು, ಗಂಡ ಬಂದು ನಿಲ್ಲುತ್ತಾನೆ. ಹಾಗಾಗಿ ಅವಳು ನನ್ನ ಮನೆಯಲ್ಲಿ ನೆರಳಿನ ಹಾಗೆ ಇದ್ದಳು. ದವಾಖಾನೆಗೂ ಹೋಗುತ್ತಿರಲಿಲ್ಲ, ಅಲ್ಲಿ ಹೆಸರು ಕೇಳುತ್ತಾರೆ ಎಂದು.

ಆ ದಿನಗಳಲ್ಲಿ ಬಂದಳು ಫೋನಿನ ಹುಡುಗಿ. ಹುಬ್ಬಳ್ಳಿ ಕಡೆಯವಳು, ಒಂದು ಕಂಪನಿಯವಳು. ಯಂತ್ರದ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಮಾರುವವರು ಹೆಚ್ಚಾಗಿದ್ದರು. ಅದಕ್ಕೆ ಇವರು ಖರೇ ಕೈಮಗ್ಗದ ಸೀರೆಯ ಮೂಲೆಗೆ ಒಂದು ಚೌಕದ ಬಿಲ್ಲೆ ಹೊಲಿಯುತ್ತಿದ್ದರು. ಕೊಂಡವರು ಅದಕ್ಕೆ ಫೋನು ಹಿಡಿದರೆ, ಇದು ಕೈಯಿಂದ ನೇಯ್ದದ್ದು, ನೇಯ್ದವರು ಈ ಊರಿನವರು, ಅವರ ಗುರುತು ಖಾತ್ರಿಯಾಗಿದೆ ಎಂದು ಬರುತ್ತದೆ. ಹೆಸರು ಬರುವುದಿಲ್ಲ. ಆ ಮಾತಿಗೆ ನಮ್ಮ ನೆರಳು ಒಳಕೋಣೆಯಿಂದ ಹೊಸ್ತಿಲಿಗೆ ಬಂದು ಕೂತಿತು.

ಹುಡುಗಿ ಸಾವಕಾಶವಾಗಿ ತಿಳಿಸಿ ಹೇಳಿದಳು. ಗುರುತಿನ ಚೀಟಿಯನ್ನು ತಮ್ಮ ಫೋನಿಗೆ ತಾವೇ ಒಮ್ಮೆ ತೋರಿಸಬೇಕು. ಅದು ಆ ಫೋನಿನ ಒಳಗೇ ಉಳಿಯುತ್ತದೆ. ಹೊರಗಿನವರು ಕೇಳಿದಾಗ ಫೋನು ಚೀಟಿಯನ್ನು ಕೊಡುವುದಿಲ್ಲ, ಹೌದು ಅನ್ನುತ್ತದೆ ಅಥವಾ ಅಲ್ಲ ಅನ್ನುತ್ತದೆ. ನೇಕಾರಳು ಹೌದೋ, ಹೌದು. ಈ ಊರಿನಲ್ಲಿ ಇದ್ದಾಳೋ, ಇದ್ದಾಳೆ. ಆ ಹೌದು ಮಾತ್ರ ಬ್ಲಾಕ್‌ಚೈನ್ ಎಂಬುದರ ಮೇಲೆ ಬೀಳುತ್ತದೆ. ಅದು ಒಬ್ಬರ ಹತ್ತಿರ ಇರುವ ಬರಹವಲ್ಲ, ಸಾವಿರ ಕಡೆ ಒಂದೇ ಸಮನೆ ಇರುತ್ತದೆ, ಯಾರೂ ತಿದ್ದಲು ಬರುವುದಿಲ್ಲ, ಕಂಪನಿಯವರೂ ಅಳಿಸಲು ಬರುವುದಿಲ್ಲ. ಅಳಿಸಲು ಬರುವುದಿಲ್ಲ ಎಂಬುದನ್ನು ಅವಳು ನಗುತ್ತಾ, ಹೆಮ್ಮೆಯಿಂದ ಹೇಳಿದಳು.

ನನಗೆ ನಂಬಿಕೆ ಬರಲಿಲ್ಲ. ಹೌದು ಅನ್ನುವುದು ಯಾರು ಎಂದು ಕೇಳಿದೆ. ಮೊದಲೇ ಖಾತ್ರಿಯಾದ ನೇಕಾರರು ಒಬ್ಬರು ಹೇಳಬೇಕು ಅಂದಳು. ಅಂದರೆ ನಾನು. ಅಂದರೆ ನಮ್ಮ ಅತ್ತೆ ಕಟ್ಟೆಯ ಮೇಲೆ ಕೂತು ಮಾಡಿದ ಕೆಲಸವೇ. ಅದು ತಿಳಿದ ಮೇಲೆ ಉಳಿದದ್ದೂ ತಿಳಿಯಿತು. ನನ್ನ ಹೆಬ್ಬೆರಳಿನ ಗೆರೆ ನೂಲಿಗೆ ಸವೆದು ಹೋಗಿತ್ತು, ಕಣ್ಣು ತೋರಿಸಿ ಖಾತ್ರಿ ಮಾಡಿಸಿಕೊಂಡೆ. ಆಮೇಲೆ ಹುಡುಗಿ ನಮ್ಮ ನೆರಳಿಗೂ ಕಂಪನಿಯ ಒಂದು ಫೋನು ಕೊಟ್ಟಳು, ಅವಳು ಚೀಟಿಯನ್ನು ಅದಕ್ಕೆ ತೋರಿಸಿದಳು, ಅವಳ ಪರವಾಗಿ ನಾನು ಹೌದು ಎಂದು ಒತ್ತಿದೆ.

ಅವಳ ಸೀರೆಗೆ ಮೊದಲ ಬಿಲ್ಲೆ ಹೊಲಿದ ದಿನ, ಅವಳಿಲ್ಲದಾಗ, ಹುಡುಗಿಯ ಫೋನಿನಿಂದಲೇ ಅದನ್ನು ನೋಡಿಸಿದೆ. ಗಜೇಂದ್ರಗಡದ ಕೈಮಗ್ಗ, ನೇಕಾರರ ಗುರುತು ಖಾತ್ರಿಯಾಗಿದೆ. ಕೆಳಗೆ ಸೆರಗಿನ ಚಿತ್ರ. ಹೆಸರು ಎಲ್ಲೂ ಇಲ್ಲ, ಎಷ್ಟು ಕಡೆ ಒತ್ತಿದರೂ ಬರಲಿಲ್ಲ. ಹುಡುಗಿ ಹೇಳಿದ್ದು ಖರೇ ಇತ್ತು. ಇದನ್ನು ಈಗಲೂ ಹೇಳುತ್ತೇನೆ, ಆ ಫೋನು ಸುಳ್ಳು ಹೇಳಲಿಲ್ಲ.

ಆ ಹೌದಿನ ಮೇಲೆ ಕಂಪನಿಯಿಂದ ಅವಳಿಗೆ ತನ್ನ ನೂಲು ಬಂತು, ತನ್ನ ಸೀರೆ ತನ್ನದೆಂದು ಹೋಯಿತು. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಹೊಸ ಚಪ್ಪಲಿ ತಂದಳು. ಧೈರ್ಯ ಮಾಡಿ ದವಾಖಾನೆಗೆ ಹೋಗಿ ಕಿವಿ ತೋರಿಸಿದಳು, ಉಪಯೋಗವಾಗಲಿಲ್ಲ. ಆ ಮಳೆಗಾಲದಲ್ಲಿ ಮಲಪ್ರಭೆ ಏರಿ ಕೊಣ್ಣೂರಿನ ಸೇತುವೆ ಮುಳುಗಿ ಬಸ್ಸು ನಿಂತವು. ಊರವರೆಲ್ಲ ಬೆಳೆ ಹೋಯಿತೆಂದು ಬಾಯಿ ಬಡಿದುಕೊಳ್ಳುತ್ತಿದ್ದರೆ ಇವಳು ಗೊರಕೆ ಹೊಡೆದು ಮಲಗಿದಳು. ಗಂಡನ ಊರಿಗೂ ತನಗೂ ನಡುವೆ ತುಂಬಿದ ನದಿ ಇದೆ ಎಂಬುದೇ ಅವಳಿಗೆ ಹಾಸಿಗೆ. ನೀರು ಇಳಿದ ಮೇಲೆ ಮತ್ತೆ ನಿದ್ದೆಗೆಟ್ಟಳು.

ಇನ್ನು ಒಂದು ಎಳೆಯ ವಿಷಯ ಹೇಳಬೇಕು.

ಸೆರಗು ಮುಗಿಯುವ ಕೊನೆಯಲ್ಲಿ, ಸೀರೆ ಕತ್ತರಿಸಿ ಇಳಿಸುವ ಮೊದಲು, ಅವಳು ಒಂದು ಅರಿಷಿಣದ ಎಳೆ ಹಾಕುತ್ತಿದ್ದಳು. ಲಾಳಿ ಈ ದಡಿಯಿಂದ ಆ ದಡಿಗೆ ಹೋಗುವ ಬದಲು ನಡುವಿಗೆ ಹೋಗಿ ತಿರುಗಿ ಬರುತ್ತಿತ್ತು. ಅರ್ಧ ಎಳೆ. ಹುಡುಕಿದರೆ ಮಾತ್ರ ಕಾಣುತ್ತದೆ. ನೇಕಾರರ ಮನೆಯಲ್ಲಿ ಇಂಥವು ಒಂದಿಲ್ಲೊಂದು ಇರುತ್ತವೆ. ನಮ್ಮ ಮನೆಯಲ್ಲಿ ಹೊಸ ಹಾಸು ಏರಿಸಿದಾಗ ಮೊದಲ ಎಳೆಗೆ ಕುಂಕುಮ ಹಚ್ಚುತ್ತೇವೆ. ಅವಳ ಗಂಡನ ಮನೆಯಲ್ಲಿ ಹಿಂದೆ ಒಬ್ಬ ಹಿರಿಯಳು ಸೀರೆ ಅರ್ಧಕ್ಕಿರುವಾಗ ಮಗ್ಗದ ಮೇಲೆಯೇ ಜೀವ ಬಿಟ್ಟಳಂತೆ. ಲಾಳಿ ನಡುವಿನಲ್ಲೇ ನಿಂತಿತ್ತಂತೆ. ಆ ಸತ್ತವಳ ಪಾಲಿಗೆ ಈ ಅರ್ಧ ಎಳೆ. ಆ ಮನೆಯ ಸೊಸೆಯರಿಗೆ ಅತ್ತೆ ಮೊದಲ ದಿನ ಕಲಿಸುವುದು ಇದನ್ನೇ. ಆ ಮನೆಯ ಇನ್ನೊಂದು ಕಟ್ಟುಪಾಡೆಂದರೆ ಸೀರೆಯನ್ನು ಅರ್ಧಕ್ಕೆ ಬಿಟ್ಟು ಯಾರೂ ಹೊಸ್ತಿಲು ದಾಟಬಾರದು.

ಅವರ ಮನೆಯೇ ಬೇಡವಾದ ಮೇಲೆ ಅವರ ಎಳೆ ಏಕೆ ಎಂದು ಒಮ್ಮೆ ಕೇಳಿದೆ.

"ಆ ಸತ್ತಾಕಿ ನನಗೇನ ಮಾಡ್ಯಾಳ, ದೊಡ್ಡವ್ವಾ?" ಅಂದಳು. "ಹೊಡದಾಂವ ಬ್ಯಾರೆ."

ಅದು ಸರಿಯೇ ಅನಿಸಿತು, ಬಿಟ್ಟೆ. ಅವಳೂ ನಾನೂ ಹೆಸರು, ಊರು, ಝೆರಾಕ್ಸ್ ಎಂದು ಹೆದರುತ್ತಾ ಕೂತಿದ್ದೆವು. ಎಳೆಯನ್ನು ಹೆಸರೆಂದು ಇಬ್ಬರೂ ತಿಳಿಯಲಿಲ್ಲ. ಅದು ಸತ್ತವಳಿಗೆ ಕೊಟ್ಟ ತುತ್ತು, ಅಷ್ಟೇ. ಸೀರೆ ಎಲ್ಲೋ ದೊಡ್ಡ ಊರಿಗೆ ಹೋಗುತ್ತದೆ, ಅಲ್ಲಿ ಸೆರಗಿನ ತುದಿ ನೋಡುವವರು ಯಾರು?

ಆ ಸೀರೆಗಳಲ್ಲಿ ಒಂದು ದೊಡ್ಡ ಊರಿಗೆ ಹೋಗಲಿಲ್ಲ. ನರಗುಂದದ ಅಂಗಡಿಗೆ ಬಂತು, ಅಲ್ಲಿಂದ ಯಾರದೋ ಮದುವೆಯಲ್ಲಿ ಉಡುಗೊರೆಯ ಆಯೇರಿಯಾಗಿ ಹೋಯಿತು. ಆ ಮದುವೆಯಲ್ಲಿ ಅವಳ ಅತ್ತೆ ಕೂತಿದ್ದಳು. ನೇಯ್ದು ಮುದುಕಿಯಾದವಳು ಹೊಸ ಸೀರೆ ಕೈಗೆ ಬಂದರೆ ಮೊದಲು ಸೆರಗಿನ ತುದಿ ನೋಡುತ್ತಾಳೆ. ನಾನೂ ಹಾಗೇ. ಯಾರೋ ಬಿಲ್ಲೆಗೆ ಫೋನು ಹಿಡಿದು ಗಜೇಂದ್ರಗಡ ಎಂದು ಓದಿ ಹೇಳಿದ್ದಾರೆ. ಇದನ್ನೆಲ್ಲ ಆಮೇಲೆ ಆ ಅತ್ತೆಯೇ ನನಗೆ ಹೇಳಿದ್ದು.

ಒಂದು ಮಧ್ಯಾಹ್ನ ನನ್ನ ವಯಸ್ಸಿನ ಹೆಂಗಸು ಬಾಗಿಲಿಗೆ ಬಂದು ನೀರು ಕೇಳಿದಳು. ತಂಬಿಗೆ ಹಿಡಿದ ಬೆರಳು ನೋಡಿ ನಮ್ಮ ಪೈಕಿಯವಳು ಎಂದು ತಿಳಿಯಿತು. ಬೀದಿಯ ಎಲ್ಲ ಮನೆಯಲ್ಲೂ ಹೀಗೇ ನೀರು ಕೇಳುತ್ತಾ, ಮಗ್ಗ ನೋಡುತ್ತಾ ಬಂದಿದ್ದಳು. ಅವಳ ದನಿಗೆ ಒಳಗೆ ಮಗ್ಗದ ಸಪ್ಪಳ ನಿಂತಿತು. ಆ ನಿಂತದ್ದನ್ನು ಅವಳೂ ಕೇಳಿದಳು. ತಂಬಿಗೆ ಕೆಳಗಿಟ್ಟು ನೇರ ಒಳಗೆ ಹೋದಳು.

ಸೊಸೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಏಳಲಿಲ್ಲ.

"ಎಳಿ ಬಿಟ್ಟಿಲ್ಲ ನೀ," ಅಂದಳು ಅತ್ತೆ. ಬೈದಂತೆ ಇರಲಿಲ್ಲ. "ನಡಿ. ಅಂವಾ ಬೀದಿ ಮೂಲ್ಯಾಗ ನಿಂತಾನ."

ನಾನು ನಡುವೆ ಹೋದೆ. "ನಿನ್ನ ಮಗ ಇಕೀ ಕಿವಿ ಹೋಗೂವಂಗ ಹೊಡದಾನ. ಗೊತ್ತೈತೇನ ನಿನಗ?"

"ಗೊತ್ತೈತಿ. ಅವರಪ್ಪ ನನಗ ಹೊಡದಿದ್ದೂ ಗೊತ್ತೈತಿ. ನಾ ಎಲ್ಲಿಗಿ ಹೋಗಿದ್ನೆವ್ವಾ?"

ಅವಳು ಎಲ್ಲಿಗೂ ಹೋಗಿರಲಿಲ್ಲ, ಆದ್ದರಿಂದ ಇವಳೂ ಹೋಗಬಾರದು, ಅಷ್ಟೇ ಅವಳ ಲೆಕ್ಕ.

ಆಗ ಸೊಸೆ ಬಾಯಿ ಬಿಟ್ಟಳು. "ಸೀರಿ ಅರ್ಧಾ ಆಗೇತ್ರಿ, ಅತ್ತೀ. ಇಳಿಸಿ ಬರ್ತೀನ್ರಿ. ಅಮಾಸಿಗೆ ಬರ್ರಿ."

ಅತ್ತೆ ಮಗ್ಗದ ಕಡೆ ನೋಡಿದಳು. ಖರೇ, ಒಡಲು ಅರ್ಧಕ್ಕೆ ಬಂದಿತ್ತು. ಕೈ ಹಿಡಿದು ಎಳೆದುಕೊಂಡು ಹೋಗಬಹುದಿತ್ತು, ತಡೆಯುವಷ್ಟು ಶಕ್ತಿ ನನಗೂ ಇರಲಿಲ್ಲ. ಆದರೆ ಅರ್ಧ ಸೀರೆಯ ಮೇಲಿಂದ ಹೆಣ್ಣನ್ನು ಎಬ್ಬಿಸುವುದು ಆ ಮನೆಯವಳಿಂದ ಆಗಲಿಲ್ಲ. ಬೀದಿಯ ಮೂಲೆಯಲ್ಲಿ ಮಗ ಕೂಗಾಡಿದ್ದು ಕೇಳಿಸಿತು. ಅವಳು ಅವನಿಗೆ ಏನು ಹೇಳಿದಳೋ, ಅವನೂ ಬಸ್ಸು ಹತ್ತಿದ. ಹೆಂಡತಿಯ ಕಿವಿ ಒಡೆದವನಿಗೆ ಸತ್ತ ಮುದುಕಿಯ ಹೆದರಿಕೆ ಇತ್ತು.

ಸೊಸೆ ಆ ರಾತ್ರಿ ಅಳಲಿಲ್ಲ. ಮರುದಿನ ಬೆಳಿಗ್ಗೆ ಗಿರಣಿಗೆ ಹೋಗುವವಳಂತೆ ಡಬ್ಬಿ ಹಿಡಿದು ಹೊರಟಳು. ಡಬ್ಬಿಯಲ್ಲಿ ಎರಡು ಸೀರೆ ಇದ್ದವು, ಹಿಟ್ಟಲ್ಲ. ನಾನು ರೊಟ್ಟಿ, ಚಟ್ನಿಪುಡಿ ಕಟ್ಟಿ ಕೊಟ್ಟೆ.

"ಎಲ್ಲಿಗಂತ ನನಗ ಹೇಳಬ್ಯಾಡ," ಅಂದೆ. "ಅವರು ಬಂದ ಕೇಳಿದ್ರ ಗೊತ್ತಿಲ್ಲ ಅನ್ನೂದು ಖರೇ ಇರ್ಲಿ. ಸುದ್ದೀನೂ ಕಳಸಬ್ಯಾಡ."

ಅವಳು ಫೋನನ್ನು ಮಗ್ಗದ ಹಲಗೆಯ ಮೇಲೆ ಇಟ್ಟಳು. ಅದರೊಳಗೆ ಅವಳ ಖಾತ್ರಿ ಇತ್ತು, ಅದನ್ನು ಹಿಡಿದುಕೊಂಡು ಹೋದರೆ ಬೇರೆ ಊರಿನಲ್ಲಿಯೂ ನೂಲು ಸಿಗುತ್ತಿತ್ತು. ಒಯ್ಯಿ ಅಂದೆ.

"ಇದು ಹೆಸರ ಹೇಳೂದಿಲ್ಲ, ಖರೇ. ಊರ ಹೇಳ್ತದ," ಅಂದಳು.

ಚಪ್ಪಲಿ ಹಾಕಿಕೊಂಡು ಹೋದಳು. ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿ ನೋಡಿದಳು, ನನ್ನ ಕಡೆ ಅಲ್ಲ, ಮಗ್ಗದ ಮೇಲಿನ ಅರ್ಧ ಸೀರೆಯ ಕಡೆ.

ಫೋನಿನ ಹುಡುಗಿ ಆ ವಾರ ಬಂದಳು. ಹೋದವಳ ಅಷ್ಟೂ ಸೀರೆಯ ಬರಹ ಅಳಿಸು ಅಂದೆ. ಅವಳ ಮುಖ ಸಣ್ಣದಾಯಿತು. ಮುಂದೆ ಚಿತ್ರ ತೋರಿಸದ ಹಾಗೆ ಮಾಡಿಸಬಹುದು, ಬಿದ್ದದ್ದು ಬಿದ್ದಿದೆ, ಅಳಿಸಲು ಯಾರಿಗೂ ಬರುವುದಿಲ್ಲ ಅಂದಳು. ಈ ಸಲ ನಗಲಿಲ್ಲ.

"ಆದ್ರ ಅವರ ಹೆಸರ ಎಲ್ಲೂ ಹೋಗಿಲ್ರಿ ಆಯಿ," ಅಂದಳು. "ಅದನ್ನ ನಾವು ಕಾಯ್ದೇವ್ರಿ."

"ಹೌದವ್ವಾ, ಹೆಸರ ಕಾಯ್ದೀರಿ," ಅಂದೆ.

ಅವಳಿಗೆ ಚಹಾ ಕೊಟ್ಟೆ. ತಪ್ಪು ಅವಳದಲ್ಲ. ಹೆಸರನ್ನು ಮುಚ್ಚಿಡುವುದು ಅವಳು ಕಲಿತ ವಿದ್ಯೆ, ಕೈಯನ್ನು ಮುಚ್ಚಿಡುವುದು ಯಾರಿಗೂ ಬರುವುದಿಲ್ಲ.

ಅಮಾವಾಸ್ಯೆಗೆ ತಾಯಿ ಮಗ ಬಂದರು. ಆ ದಿನ ನಾವು ಮಗ್ಗ ಮುಟ್ಟುವುದಿಲ್ಲ, ಮನೆ ಸುಮ್ಮನಿತ್ತು. ಮಗ ಅಡುಗೆಮನೆ, ಹಿತ್ತಲು, ಜ್ವಾಳದ ಚೀಲದ ಹಿಂದೆ ಎಲ್ಲ ಹುಡುಕಿದ. ನನ್ನನ್ನು ಬೈದ. ಗೊತ್ತಿಲ್ಲ ಅಂದೆ, ಮತ್ತೆ ಬೈದ. ಅತ್ತೆ ಮಾತ್ರ ಮಗ್ಗದ ಮುಂದೆ ನಿಂತಳು. ಸೀರೆ ಬಿಟ್ಟಲ್ಲಿಯೇ ಇತ್ತು, ಲಾಳಿ ನಡುವಿನಲ್ಲಿತ್ತು.

"ಅರ್ಧಕ್ಕ ಬಿಟ್ಟ ಹೋದ್ಲಾ?"

ಅವಳು ಅಲ್ಲೇ ನೆಲದ ಮೇಲೆ ಕೂತಳು. ಹೊಡೆತ ತಿಂದು ಓಡಿಹೋದದ್ದು ಅವಳಿಗೆ ತಿಳಿಯುವ ಮಾತು. ಸೀರೆ ಅರ್ಧಕ್ಕೆ ಬಿಟ್ಟದ್ದು ತಿಳಿಯಲಿಲ್ಲವೋ, ಅದರಿಂದಲೇ ಎಲ್ಲ ತಿಳಿಯಿತೋ. ಹೋಗುವಾಗ ನೀರು ಕೇಳಲಿಲ್ಲ.

ಆ ಸೀರೆಯನ್ನು ನಾನು ಮುಗಿಸಿದೆ. ಮುಗಿಸುವಾಗ ಒಂದು ವಿಚಾರ ಬಂತು. ಅವಳು ಎಲ್ಲಿ ಹೋದರೂ ಹೊಟ್ಟೆಗಾಗಿ ನೇಯಲೇಬೇಕು, ಬೇರೆ ಕೆಲಸ ಅವಳಿಗೆ ಬರುವುದಿಲ್ಲ. ಅರ್ಧಕ್ಕೆ ಬಿಟ್ಟು ಹೋದೆನಲ್ಲ ಎಂಬ ಹೆದರಿಕೆಗೆ ಮೊದಲಿಗಿಂತ ಹೆಚ್ಚು ನೇಮದಿಂದ ಆ ಎಳೆ ಹಾಕುತ್ತಾಳೆ. ಬಿಡು ಎಂದು ಹೇಳಿ ಕಳಿಸಬೇಕಾಗಿತ್ತು, ಹೇಳಿದ್ದರೂ ಬಿಡುತ್ತಿರಲಿಲ್ಲ. ಇನ್ನೊಂದು ಮದುವೆ, ಇನ್ನೊಂದು ಆಯೇರಿ, ಅವರು ಮತ್ತೆ ಬಸ್ಸು ಹತ್ತುತ್ತಾರೆ.

ಆ ಸೀರೆಯ ತುದಿಗೆ ಅರಿಷಿಣದ ಎಳೆಯನ್ನು ಅರ್ಧಕ್ಕೆ ತಿರುಗಿಸಿದೆ. ಆಮೇಲೆ ನನ್ನ ಸೀರೆಗಳಿಗೂ ಹಾಕತೊಡಗಿದೆ. ನನ್ನ ಬಿಲ್ಲೆ ಗಜೇಂದ್ರಗಡ ಅನ್ನುತ್ತದೆ, ಅದು ಖರೇ. ಗುರುತು ಖಾತ್ರಿಯಾಗಿದೆ ಅನ್ನುತ್ತದೆ, ಅದೂ ಖರೇ. ಹೆಸರು ಹೇಳುವುದಿಲ್ಲ. ಹುಡುಕುವವರು ಅವಳಿರುವ ಕಡೆಗಲ್ಲ, ಈ ಬೀದಿಗೇ ಬರಲಿ. ಯಾರೂ ಅಳಿಸಲಾಗದ ಬರಹ ಇಷ್ಟಕ್ಕಾದರೂ ಆಗಲಿ.

ಬೀದಿಯ ಹೆಂಗಸರಿಗೂ ಹೇಳಿದೆ. ಎಲ್ಲರೂ ಹಾಕಿದರೆ ಎಳೆ ಯಾರದೂ ಅಲ್ಲ ಎಂದಾಗುತ್ತದೆ. ಅವರು ಒಪ್ಪಲಿಲ್ಲ. ಬೇರೆ ಮನೆಯ ಸತ್ತವಳನ್ನು ತಮ್ಮ ಮಗ್ಗದ ಮೇಲೆ ಯಾರು ಕರೆದುಕೊಳ್ಳುತ್ತಾರೆ, ಮಕ್ಕಳು ಮರಿ ಇರುವ ಮನೆ ಅಂದರು. ಅವರನ್ನು ಬೈಯುವುದಿಲ್ಲ. ಒಬ್ಬಳು ಮಾತ್ರ, ಮುಂದಿನ ಮನೆಯವಳು, ತಿಂಗಳೊಪ್ಪತ್ತು ಹಾಕಿದಳು. ಮೊಮ್ಮಗನಿಗೆ ಜ್ವರ ಬಂದಾಗ ಬಿಟ್ಟಳು. ಈಗ ನಾನೊಬ್ಬಳೇ. ಸತ್ತವಳು ಬಂದರೆ ಬರಲಿ. ನನಗೂ ಅವಳಿಗೂ ಇನ್ನು ಬಹಳ ದೂರವೇನಿಲ್ಲ.

ತಾಯಿ ಮಗ ಮತ್ತೆ ಬಂದರು, ನಾನು ಎಣಿಸಿದಂತೆಯೇ. ರೋಣದ ಅಂಗಡಿಯಲ್ಲಿ ನನ್ನದೊಂದು ಸೀರೆ ಅವರ ಕಣ್ಣಿಗೆ ಬಿದ್ದಿತ್ತು. ಮಗ ಅದನ್ನು ಕೊಂಡೇ ತಂದಿದ್ದ. ನನ್ನ ಮುಂದೆ ಹಿಡಿದು, ಇಲ್ಲೇ ಇದ್ದಾಳೆ, ಹೊರಗೆ ತೆಗೆ ಅಂದ. ಅತ್ತೆ ಸೆರಗಿನ ತುದಿಯನ್ನು ಅವನ ಕೈಯಿಂದ ತೆಗೆದುಕೊಂಡು ಬೆರಳು ಆಡಿಸಿದಳು. ನನ್ನ ಎಳೆ ತಿರುಗುವಲ್ಲಿ ಸ್ವಲ್ಪ ಗಂಟು ಬೀಳುತ್ತದೆ, ಸೊಸೆಯದು ಬೀಳುತ್ತಿರಲಿಲ್ಲ. ಅವಳ ಬೆರಳು ಅಲ್ಲಿ ನಿಂತಿತು. ನನ್ನ ಮಗ್ಗ ನೋಡಿದಳು, ನನ್ನನ್ನು ನೋಡಿದಳು.

"ಆಕೀದ ಹೌದಲ್ಲಬೇ?" ಮಗ ಕೇಳಿದ.

"ಹೌದು," ಅಂದಳು. "ಹಳೇ ಸೀರಿ ಇರಬೇಕು. ನಡಿ, ಬಸ್ಸಿಗಿ ಹೊತ್ತಾತು."

ಕರುಣೆಯಿಂದ ಅಂದಳೋ, ಮಗನ ಜೊತೆ ತಿರುಗಿ ತಿರುಗಿ ಕಾಲು ಸೋತು ಅಂದಳೋ ನನಗೆ ಗೊತ್ತಿಲ್ಲ. ಮಗ ಮತ್ತೆ ಬರುತ್ತಾನೆ. ಆ ತಾಯಿ ಸತ್ತ ಮೇಲೂ ಬರುತ್ತಾನೆ.

ಹೋದವಳಿಂದ ಸುದ್ದಿ ಇಲ್ಲ. ಅವಳ ಫೋನು ಹಲಗೆಯ ಮೇಲೆಯೇ ಇದೆ, ಆರಿ ಹೋಗಿದೆ. ನನ್ನ ಎಡಗಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿಗೂ ಶುರುವಾಗಿದೆ. ಸೆರಗಿನ ಕೆಂಪು ಕಾಣುತ್ತದೆ, ಅರಿಷಿಣದ ಎಳೆ ಸರಿಯಾಗಿ ಕಾಣುವುದಿಲ್ಲ, ಬೆರಳಿನಿಂದ ನಡುವು ಹುಡುಕಿ ತಿರುಗಿಸುತ್ತೇನೆ. ಮಗಳು ಯಾವಗಲ್ಲಿಗೆ ಬಂದುಬಿಡು ಅನ್ನುತ್ತಾಳೆ, ಇಲ್ಲಿ ಯಾರಿದ್ದಾರೆ ನಿನಗೆ ಅನ್ನುತ್ತಾಳೆ. ನಾನು ಮಗ್ಗ ಬಿಟ್ಟ ದಿನ ಈ ಊರಿನಿಂದ ಅರ್ಧ ಎಳೆಯ ಸೀರೆ ಹೋಗುವುದು ನಿಲ್ಲುತ್ತದೆ. ಆಮೇಲೆ ಎಲ್ಲಿಯಾದರೂ ಒಂದು ಹೊಸ ಸೀರೆಯ ತುದಿಯಲ್ಲಿ ಅದು ಕಂಡರೆ ಅವಳೊಬ್ಬಳದೇ. ಅದಕ್ಕೆ ಮಗಳಿಗೆ ಇನ್ನೂ ಹ್ಞೂಂ ಅಂದಿಲ್ಲ.